ಧೋತರಕ್ಕೊಪ್ಪುವ ಸೈಕಲ್, ಸೈಕಲ್ಲಿಗೊಪ್ಪುವ ಚಡ್ಡಿ

ಅಫಜಲಪುರ ಕಡೆಯ ಹಿರಿಯರೊಬ್ಬರ ಮುಂದೆ ‘ಸೈಕಲ್ ಹೊಡಿಯಾಕ ಬ್ಯಾರೆ ಬಟ್ಟಿ ಬೇಕ್ರಿ’ ಅಂದು ನೋಡಿ. ‘ಯಾಕ, ಉಟ್ಟ ಧೋತರಕ್ಕ ಏನಾಗ್ಯದ?’ ಎಂದೇ ಕೇಳಿಯಾರು.

ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿದಾರಿಗಳಲ್ಲಿ ತಲೆಮಾರುಗಟ್ಟಲೆ ಓಡಿದ ಕರಿ ಸೈಕಲ್ ಮನೆಯುಡುಗೆಗೆಂದೇ ಹುಟ್ಟಿದ್ದು. ಇಂಗ್ಲೆಂಡಿನ ರೋಡ್‌ಸ್ಟರ್ ಮಾದರಿಯನ್ನು 1951ರಲ್ಲಿ ಶುರುವಾದ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಶುರುವಾದ ಲೂಧಿಯಾನದ ಹೀರೋ ಊರೂರಿಗೆ ಮುಟ್ಟಿಸಿದವು. ತೂಕ ಸುಮಾರು 20 ಕಿಲೋ. ಧೋತರದ ಅಂಚು ಸಿಗದಂತೆ ಚೈನ್‌ಗೆ ಪೂರ್ತಿ ಕವರು. ತಲೆಯ ಪಟಗ ಜಾರದಂತೆ ನೆಟ್ಟಗೆ ಕೂರಿಸುವ ಹ್ಯಾಂಡಲ್. ಕೆಸರು ಸಿಡಿಯದಂತೆ ಮಡ್‌ಗಾರ್ಡ್. ಇಲ್ಲಿಯ ಎರೆಮಣ್ಣಿಗೆ ಮಾತ್ರ ಆ ಮಡ್‌ಗಾರ್ಡೇ ಸೋತಿತು: ಮಳೆ ಹಿಡಿದರೆ ಅದರೊಳಗೆ ರಾಡಿ ತುಂಬಿ ಗಾಲಿ ನಿಲ್ಲುತ್ತದೆ, ಸೈಕಲ್ಲೇ ಸವಾರನ ಹೆಗಲೇರುತ್ತದೆ.

ಹೆಂಗಸರ ಸೈಕಲ್ಲಿಗೆ ಮೇಲಿನ ದಂಡವಿಲ್ಲ, ಸೆರಗು ಸಿಗದಂತೆ ಹಿಂಗಾಲಿಗೆ ಜಾಲರಿ ಉಂಟು. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಹಂಚತೊಡಗಿದ ಮೇಲೆ ಚೂಡಿದಾರದ ಹುಡುಗಿಯರೇ ಈ ರಸ್ತೆಗಳ ದೊಡ್ಡ ಸೈಕಲ್ ಪಡೆಯಾದರು. ದುಪಟ್ಟಾವನ್ನು ಅಡ್ಡ ತಂದು ಸೊಂಟಕ್ಕೆ ಬಿಗಿಯುವ ಜಾಣ್ಮೆಯನ್ನು ಅವರಿಗೆ ಯಾವ ಕಂಪನಿಯೂ ಕಲಿಸಲಿಲ್ಲ. ಕೋವಿಡ್ ಬಂದಾಗ ಯೋಜನೆ ನಿಂತಿತು. ನಿಲ್ಲಬಾರದಿತ್ತು.

ಜೇವರ್ಗಿಯಿಂದ ಸಿಂದಗಿ ದಾಟಿ ಅದೇ ಹೆದ್ದಾರಿಯಲ್ಲಿ ವಿಜಯಪುರಕ್ಕೆ ಹೋದರೆ ನಿಯಮ ತಿರುಗುಮುರುಗು. ಅಲ್ಲಿ ಕ್ರೀಡಾ ಇಲಾಖೆಯ ಸೈಕ್ಲಿಂಗ್ ಕ್ರೀಡಾ ನಿಲಯವಿದೆ. ರಾಜ್ಯ ತಂಡಕ್ಕೆ ವಿಜಯಪುರ, ಬಾಗಲಕೋಟೆಯ ರೈತಮಕ್ಕಳು ಹೋಗುವುದು ಹೊಸತಲ್ಲ. ಅಲ್ಲಿ ಬಟ್ಟೆಯೇ ಸೈಕಲ್ಲಿಗೆ ಹೊಂದಬೇಕು. ಮೈಗಂಟಿದ ಲೈಕ್ರಾ ಚಡ್ಡಿ ಕಂಡು ಕಟ್ಟೆಯ ಮೇಲಿನವರು ನಗುವುದುಂಟು, ಆದರೆ ಅದು ಶೋಕಿಯಲ್ಲ. ಬಾಗಿ ಕುಳಿತು ತಾಸುಗಟ್ಟಲೆ ತುಳಿಯುವಾಗ ಹತ್ತಿಬಟ್ಟೆ ಬೆವರು ಕುಡಿದು ತೊಡೆ ಉಜ್ಜುತ್ತದೆ; ಸಡಿಲ ಅಂಗಿ ಗಾಳಿ ತುಂಬಿಕೊಂಡು ಹಿಂದಕ್ಕೆ ಜಗ್ಗುತ್ತದೆ. ಚಡ್ಡಿಯೊಳಗಿನ ಮೆತ್ತೆ ಹಿಂದೆ ಜಿಂಕೆಯಂಥ ಪ್ರಾಣಿಗಳ ಮೆದು ಚರ್ಮದ್ದಾಗಿತ್ತು. ಈ ಚಡ್ಡಿಯೊಳಗೆ ಒಳಚಡ್ಡಿ ಹಾಕಬಾರದು ಎಂಬುದು ಹೊಸಬರಿಗೆ ಹೇಳಲೇಬೇಕಾದ, ಯಾರೂ ಬಾಯಿಬಿಟ್ಟು ಹೇಳದ ಗುಟ್ಟು! ಹೆಲ್ಮೆಟ್ಟಿನ ಕತೆ ಮಾತ್ರ ನಗುವಂಥದ್ದಲ್ಲ. 2003ರ ಪ್ಯಾರಿಸ್–ನೀಸ್ ರೇಸಿನಲ್ಲಿ ಕಝಾಕಸ್ತಾನದ ಆಂದ್ರೇ ಕಿವಿಲೆವ್ ಬಿದ್ದು ಸತ್ತ ಬಳಿಕವೇ ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ರೇಸುಗಳಲ್ಲಿ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು.

ಹಾಗೆಂದು ನಾಲ್ಕು ಕಿಲೋಮೀಟರ್ ದೂರದ ತೊಗರಿ ಹೊಲಕ್ಕೆ ಹೋಗುವವರಿಗೆ ಲೈಕ್ರಾ ಯಾಕೆ? ಬಿಸಿಲಿಗೆ ಸಡಿಲ ಬಿಳಿ ಅಂಗಿ, ತಲೆಗೆ ಪಟಗವೇ ಲೇಸು. ಆದರೆ ದೂರಸವಾರರಿಂದ ಕಲಿಯಬೇಕಾದ್ದು ಒಂದಿದೆ. 200 ಕಿಲೋಮೀಟರನ್ನು ಹದಿಮೂರೂವರೆ ತಾಸಿನಲ್ಲಿ ಮುಗಿಸಬೇಕಾದ ಬ್ರೆವೆ ಸವಾರಿಗಳಲ್ಲಿ, ಕತ್ತಲಾದ ಮೇಲೆ ಹಿಂದೆ ಮುಂದೆ ದೀಪ ಮತ್ತು ಬೆಳಕಿಗೆ ಹೊಳೆಯುವ ಜಾಕೆಟ್ ಇಲ್ಲದೆ ಯಾರೂ ಹೋಗುವಂತಿಲ್ಲ. ನಮ್ಮ ಕರಿ ಸೈಕಲ್ಲಿಗೆ ಒಂದು ಕಾಲಕ್ಕೆ ಡೈನಮೋ ದೀಪವಾದರೂ ಇತ್ತು. ಈಗ ಅದೂ ಅಪರೂಪ. ಕಬ್ಬಿನ ಹಂಗಾಮಿನಲ್ಲಿ ಹೇರು ಹೊತ್ತ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಓಡುವ ರಸ್ತೆಗಳಿವು. ಸೈಕಲ್ಲಿನ ಮನೆಯವರು ಈ ವಾರವೇ ಹಿಂದಿನ ಮಡ್‌ಗಾರ್ಡಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿರಿ, ಸಾಧ್ಯವಾದರೆ ಆ ಜಾಕೆಟ್ಟನ್ನೂ ಕೊಳ್ಳಿರಿ. ಅದನ್ನು ಧೋತರದ ಮೇಲೂ ತೊಡಬಹುದು.