ಉಗುರಿನ ಹಳದಿ: ಅರಿಸಿನವೋ, ಬೂಷ್ಟೋ?

ಗುಂಡ್ಲುಪೇಟೆಯ ಸೀಮೆಯಲ್ಲಿ ಸಂಕ್ರಾಂತಿ ಕಳೆಯಿತೆಂದರೆ ಅರಿಸಿನದ ಅಗೆತದ ಕಾಲ. ನೆಲದಿಂದ ತೆಗೆದ ಕೊಂಬುಗಳನ್ನು ಬೇಯಿಸಿ, ಹರಡಿ ಒಣಗಿಸಿ, ಉಜ್ಜಿ ಹೊಳಪೇರಿಸಿ ಈರೋಡಿನ ಮಾರುಕಟ್ಟೆಗೆ ಸಾಗಿಸುವವರೆಗೆ ಚಾಮರಾಜನಗರ ಜಿಲ್ಲೆಯ ಎಷ್ಟೋ ಮನೆಗಳವರ ಉಗುರುಗಳೆಲ್ಲ ಹೊಂಬಣ್ಣ. ಅದನ್ನು ಕಂಡು ಯಾರೂ ಬೆಚ್ಚುವುದಿಲ್ಲ, ಬೆಚ್ಚಬೇಕಾದುದೂ ಇಲ್ಲ. ತೊಡಕಿರುವುದು ಇಲ್ಲಿಯೇ. ಉಗುರಿಗೆ ಬೂಷ್ಟು ಹಿಡಿದಾಗಲೂ ಅನೇಕ ವೇಳೆ ಮೊದಲು ಕಾಣಿಸುವುದು ಹಳದಿಯೇ. ಅರಿಸಿನದ ಮರೆಯಲ್ಲಿ ಆ ರೋಗ ತಿಂಗಳುಗಟ್ಟಲೆ ಬೆಳೆದರೂ ತಿಳಿಯದೆ ಹೋಗಬಹುದು. ಪಟ್ಟಣದ ಮನೆಗಳಲ್ಲಿ ಉಗುರುಬಣ್ಣವೋ ಕಾಲುಚೀಲವೋ ಅದೇ ಮರೆಯನ್ನು ಒದಗಿಸುತ್ತದೆ.

ಅರಿಸಿನ ತಾಗಿದ ಪಂಚೆಗೆ ಸಬೂನು ಹಚ್ಚಿದೊಡನೆ ಕೆಂಪೇರುವುದನ್ನು ನೋಡದ ಗೃಹಿಣಿಯಿಲ್ಲ. ಕ್ಷಾರ ಸೇರಿದರೆ ಅರಿಸಿನ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಈ ಗುಣದಿಂದಲೇ. ಉಗುರಿನ ಹಳದಿಯ ಮೇಲೆ ಬಟ್ಟೆಸಬೂನಿನ ನೊರೆಯನ್ನು ತಿಕ್ಕಿದಾಗ ಕೆಂಪು ತೋರಿದರೆ ಅಲ್ಲಿ ಅರಿಸಿನವಿದೆಯೆಂದು ತಿಳಿಯಬಹುದು. ಅದರ ಕೆಳಗೆ ಬೂಷ್ಟಿಲ್ಲವೆಂದು ಮಾತ್ರ ಇಷ್ಟರಿಂದಲೇ ಹೇಳಲಾಗದು. ಅರಿಸಿನ ಉಗುರಿನ ಮೇಲಿನ ಬಣ್ಣ. ಕೆಲಸ ಮುಗಿದು ಕೆಲವು ದಿನಗಳಾದರೆ ತಾನಾಗಿ ಮಾಸುತ್ತದೆ. ಮಾಸದೆ ಉಳಿದ ಹಳದಿಯನ್ನು ವಿಚಾರಿಸಬೇಕು.

ಬೂಷ್ಟು ಸಾಮಾನ್ಯವಾಗಿ ಉಗುರಿನ ತುದಿಯಲ್ಲೋ ಪಕ್ಕದಲ್ಲೋ ಹೊಕ್ಕು ಬುಡದ ಕಡೆಗೆ ಹಿಮ್ಮುಖವಾಗಿ ನಡೆಯುತ್ತದೆ. ಉಗುರು ಬಿಳಿಚಿಕೊಂಡು ಇಲ್ಲವೆ ಹಳದಿಗಟ್ಟಿ ಮಂದವಾಗುತ್ತದೆ, ಅಡಿಯಲ್ಲಿ ಹಿಟ್ಟಿನಂಥ ಪುಡಿ ಸೇರುತ್ತದೆ, ಅಂಚು ಪುಡಿಪುಡಿಯಾಗಿ ಉದುರುತ್ತದೆ, ಕೊನೆಗೆ ಉಗುರು ತನ್ನ ಹಾಸಿನಿಂದಲೇ ಎದ್ದು ನಿಲ್ಲುತ್ತದೆ. ಕಾಲಿನ ಹೆಬ್ಬೆರಳು ಇದಕ್ಕೆ ಬಲು ಪ್ರಿಯವಾದ ಸ್ಥಳ. ಬಹುಪಾಲು ಇದು ಹುಳುಕಡ್ಡಿಯನ್ನು ತರುವ ಶಿಲೀಂಧ್ರಗಳ ಕುಲಕ್ಕೇ ಸೇರಿದ್ದು. ಆದುದರಿಂದ ಕಾಲ್ಬೆರಳ ಸಂದಿನಲ್ಲಿ ತುರಿಕೆಯೂ ಸಿಪ್ಪೆಯೂ ಇದ್ದವರ ಉಗುರಿಗೆ ಅದು ಸುಲಭವಾಗಿ ಏರುತ್ತದೆ.

ಜನ ಇದನ್ನು ಉಗುರುಸುತ್ತಿನೊಡನೆ ಕಲಸಿಬಿಡುತ್ತಾರೆ. ಉಗುರುಸುತ್ತು ಬೇರೆ. ಅದು ಎರಡು ದಿನದಲ್ಲಿ ಕೆಂಪಾಗಿ ಊದಿ, ಕೀವು ತುಂಬಿ, ರಾತ್ರಿಯ ನಿದ್ದೆ ಕೆಡಿಸುವ ಜಾತಿ; ಬೆರಳಿಗೆ ನಿಂಬೆಹಣ್ಣಿನ ಟೋಪಿ ತೊಡಿಸುವ ನಮ್ಮ ಅಜ್ಜಿಯರ ಉಪಚಾರ ಅದಕ್ಕಾಗಿ. ಬೂಷ್ಟಾದರೋ ಮೊದಮೊದಲು ನೋಯುವುದೇ ಇಲ್ಲ. ದಿನವೆಲ್ಲ ಪಾತ್ರೆ, ಬಟ್ಟೆ, ನೀರು ಎಂದು ಕೈ ನೆನೆಯುವವರಿಗೆ ಉಗುರಿನ ಬುಡದ ಚರ್ಮ ಬಾತುಕೊಂಡು ತಿಂಗಳುಗಟ್ಟಲೆ ನಿಲ್ಲುವ ಮತ್ತೊಂದು ತೊಂದರೆಯುಂಟು. ಅದಕ್ಕೆ ಕೈಯನ್ನು ಒಣಗಿಸಿಡುವುದೇ ಅರ್ಧ ಔಷಧ.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಚಿಪ್ಪ, ಕುನಖ ಎಂಬ ಎರಡು ಉಗುರಿನ ವ್ಯಾಧಿಗಳ ಮಾತು ಬರುತ್ತದೆ. ಪೆಟ್ಟು ಬಿದ್ದು ಕೆಟ್ಟು, ಕರಿದಾಗಿ ಒರಟಾದ ಉಗುರು ಕುನಖ. ಇವೆರಡನ್ನೂ ಅಲ್ಲಿ ಕ್ಷುದ್ರರೋಗಗಳ ಸಾಲಿಗೆ ಸೇರಿಸಲಾಗಿದೆ. ಆರೋಗ್ಯವಂತನ ಪಾಲಿಗೆ ಬೂಷ್ಟನ್ನೂ ಕ್ಷುದ್ರವೆನ್ನಬಹುದೇನೋ. ಸಕ್ಕರೆ ಕಾಯಿಲೆಯವರಿಗೆ ಅದು ಹಾಗಲ್ಲ. ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ, ದಪ್ಪಗಟ್ಟಿದ ಉಗುರು ಪಾದರಕ್ಷೆಯೊಳಗೆ ಒತ್ತಿ ಹುಣ್ಣು ಮಾಡಿದರೂ ಗೊತ್ತಾಗುವುದಿಲ್ಲ. ಆ ಹುಣ್ಣು ಬೆರಳನ್ನೇ ಬಲಿ ತೆಗೆದುಕೊಳ್ಳಬಲ್ಲದು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಮಕ್ಕಳು ವಾರಕ್ಕೊಮ್ಮೆಯಾದರೂ ಅವರ ಪಾದಗಳನ್ನು ಬೆಳಕಿನಲ್ಲಿ ನೋಡುವುದು ಒಳ್ಳೆಯದು. ನಮಸ್ಕಾರಕ್ಕೆಂದು ಹೇಗೂ ಬಗ್ಗುತ್ತೇವಲ್ಲ!

ಕೆಟ್ಟ ಉಗುರುಗಳಲ್ಲಿ ಬೂಷ್ಟಿನಿಂದ ಕೆಟ್ಟವು ಸುಮಾರು ಅರ್ಧದಷ್ಟು ಮಾತ್ರ. ಉಳಿದವು ಸೋರಿಯಾಸಿಸ್, ಬಿಗಿಯಾದ ಬೂಟು, ಹಳೆಯ ಪೆಟ್ಟು ಮೊದಲಾದವುಗಳ ಫಲ. ಕಣ್ಣಳತೆಯಿಂದ ನಿರ್ಧರಿಸಿ ಮಾತ್ರೆ ನುಂಗುವುದು ಸಲ್ಲದೆನ್ನುವುದು ಇದಕ್ಕಾಗಿಯೇ. ವೈದ್ಯರು ಉಗುರಿನ ಅಡಿಯ ಪುಡಿಯನ್ನು ಕೆರೆದು ತೆಗೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣದಲ್ಲಿ ಕರಗಿಸಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಎಳೆ ಎಳೆಯಾಗಿ ಬೂಷ್ಟು ಕಾಣುತ್ತದೆ. ಅದನ್ನು ಬೆಳೆಸಿ ನೋಡುವ ಪರೀಕ್ಷೆಗೆ ಮೂರು ನಾಲ್ಕು ವಾರ ಬೇಕು. ಗುಂಡ್ಲುಪೇಟೆಯವರು ಇದಕ್ಕಾಗಿ ಮೈಸೂರಿಗೇ ಓಡಬೇಕಾಗಿಲ್ಲ. ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹಿಡಿದರೆ ಚಾಮರಾಜನಗರದಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜೇ ಇದೆ. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಗೀರು ಮೂಡಿ ಅಗಲವಾಗುತ್ತಿದ್ದರಂತೂ ತಡಮಾಡಕೂಡದು. ಅಪರೂಪಕ್ಕೆ ಅದು ಅರ್ಬುದವಾಗಿರಬಹುದು.

ಔಷಧದ ಚರಿತ್ರೆಯಲ್ಲೊಂದು ವಿನೋದವಿದೆ. ಬೂಷ್ಟನ್ನು ಗೆದ್ದ ಮೊದಲ ಮಾತ್ರೆ ಬೂಷ್ಟಿನಿಂದಲೇ ಹುಟ್ಟಿತು. ಗ್ರಿಸಿಯೋಫುಲ್ವಿನ್ ಎಂಬ ಆ ವಸ್ತುವನ್ನು 1939ರಲ್ಲಿ ಪೆನಿಸಿಲಿಯಂ ಜಾತಿಯ ಬೂಷ್ಟೊಂದರಿಂದ ಬೇರ್ಪಡಿಸಿದರು; ಮನುಷ್ಯರಿಗೆ ನುಂಗಿಸಿ ಗುಣ ಕಂಡದ್ದು 1958ರಲ್ಲಿ. ಕಾಲಿನ ಉಗುರಿಗೆ ಅದನ್ನು ವರ್ಷವೋ ಅದಕ್ಕೂ ಹೆಚ್ಚೋ ತೆಗೆದುಕೊಳ್ಳಬೇಕಾಗಿತ್ತು. ಇಂದು ಹೆಚ್ಚಾಗಿ ಕೊಡುವುದು ಟರ್ಬಿನಾಫಿನ್: ದಿನಕ್ಕೆ 250 ಮಿಲಿಗ್ರಾಂ, ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ. ಇಟ್ರಾಕೊನಜೋಲ್ ಇನ್ನೊಂದು. ಇವು ಅಪರೂಪಕ್ಕೆ ಯಕೃತ್ತಿಗೆ ಕೆಡುಕು ಮಾಡುವುದುಂಟು. ಹೃದಯ ದುರ್ಬಲವಾದವರಿಗೆ ಎರಡನೆಯದು ಸಲ್ಲದು. ಗರ್ಭಿಣಿಯರೂ ಬೇರೆ ಔಷಧಗಳನ್ನು ಸೇವಿಸುತ್ತಿರುವವರೂ ಅದನ್ನು ಮೊದಲೇ ತಿಳಿಸಬೇಕು. ರೋಗ ಬುಡ ಮುಟ್ಟದಿದ್ದಲ್ಲಿ ಅಮೊರಾಲ್ಫಿನ್‌ನಂಥ ಲೇಪನಗಳೇ ಸಾಲಬಹುದು, ಆದರೆ ತಿಂಗಳುಗಟ್ಟಲೆ ಬಿಡದೆ ಹಚ್ಚಬೇಕು.

ಅರಿಸಿನವನ್ನೇ ಅರೆದು ಕಟ್ಟಬಾರದೆ ಎಂದು ಕೇಳುವವರುಂಟು. ಪ್ರಯೋಗಶಾಲೆಯಲ್ಲಿ ಅದು ಶಿಲೀಂಧ್ರಗಳನ್ನು ತಡೆದದ್ದು ನಿಜ. ಉಗುರಿನ ಗಟ್ಟಿ ಹಲಗೆಯನ್ನು ದಾಟಿ ಬೇಕಾದಷ್ಟು ಒಳಗಿಳಿದರಲ್ಲವೆ ಫಲ? ಅದಕ್ಕಿಂತ ಕೆಡುಕು, ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು. ತುರಿಕೆ ನಿಂತಂತಾಗಿ ಬೂಷ್ಟು ಒಳಗೊಳಗೇ ಹಬ್ಬುತ್ತದೆ.

ಮಾತ್ರೆ ಮುಗಿದ ದಿನ ಉಗುರು ಹಳೆಯದರಂತೆಯೇ ಕಾಣುತ್ತದೆ. ಇಲ್ಲಿ ನಿರಾಶೆಗೊಂಡು ವೈದ್ಯರನ್ನು ಬದಲಾಯಿಸುವವರೇ ಹೆಚ್ಚು. ಕೆಟ್ಟ ಉಗುರು ಸರಿಯಾಗುವುದಿಲ್ಲ; ಒಳ್ಳೆಯದು ಬುಡದಿಂದ ಬೆಳೆದು ಅದನ್ನು ಹೊರಗೆ ತಳ್ಳಬೇಕು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆದರೆ ಕಾಲುಗುರು ಅದರ ಅರ್ಧದಷ್ಟೂ ಇಲ್ಲ. ನೆಟ್ಟ ಅರಿಸಿನ ಎಂಟೊಂಬತ್ತು ತಿಂಗಳಲ್ಲಿ ಅಗೆತಕ್ಕೆ ಬರುತ್ತದೆ. ಹೆಬ್ಬೆರಳಿನ ಉಗುರು ಹೊಸದಾಗಲು ವರ್ಷ, ಒಂದೂವರೆ ವರ್ಷ. ಒಳ್ಳೆಯ ಉಗುರು ಕೆಟ್ಟದ್ದನ್ನು ಕೂಡುವ ಗಡಿಯಲ್ಲಿ ಸಣ್ಣ ಗೀರೆಳೆದು ಪಂಚಾಂಗದಲ್ಲಿ ದಿನಾಂಕ ಗುರುತಿಟ್ಟರೆ, ತಿಂಗಳು ತಿಂಗಳೂ ಗೀರು ಮುಂದೆ ಸರಿಯುವುದು ಕಾಣುತ್ತದೆ. ಗೀರನ್ನು ದಾಟಿ ಹಳದಿ ಬುಡದ ಕಡೆಗೆ ಬಂದರೆ ಮತ್ತೆ ವೈದ್ಯರಲ್ಲಿಗೆ ಹೋಗಬೇಕು.

ಗುಣವಾದ ಮೇಲೂ ಮರುಕಳಿಸುವುದು ಇದರ ಸ್ವಭಾವ. ಮನೆಮಂದಿಗೆಲ್ಲ ಒಂದೇ ನೇಲ್‌ಕಟರ್ ಇರುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ರೋಗಿಯದನ್ನು ಬೇರೆ ಇಡಬೇಕು. ಮನೆಯಲ್ಲಿ ಮತ್ತೊಬ್ಬರ ಕಾಲ್ಬೆರಳ ಸಂದು ತುರಿಸುತ್ತಿದ್ದರೆ ಅದಕ್ಕೂ ಚಿಕಿತ್ಸೆಯಾಗಬೇಕು. ನೆನೆದ ಬೂಟನ್ನು ಮರುದಿನವೇ ಮೆಟ್ಟದೆ ಬಿಸಿಲಿಗಿಡುವುದು, ಸ್ನಾನವಾದೊಡನೆ ಬೆರಳ ಸಂದುಗಳನ್ನು ಒರೆಸುವುದು, ಕಾಲುಚೀಲವನ್ನು ದಿನವೂ ಬದಲಿಸುವುದು. ಔಷಧದ ಚೀಟಿಯಲ್ಲಿ ಬರೆಯದಿದ್ದರೂ ಇವೂ ಚಿಕಿತ್ಸೆಯ ಭಾಗವೇ.