ಕುದುರೆ ಎಲ್ಲಿ ನಿಲ್ಲಬೇಕು?

ಬೆಳ್ತಂಗಡಿಯ ನಮ್ಮ ಹಿತ್ತಲಲ್ಲಿ ಗಾಳಿಮಳೆಗೆ ಉರುಳಿದ್ದ ಹಲಸಿನ ಮರದ ಹಲಗೆಯೊಂದು ಐದಾರು ವರ್ಷ ಅಟ್ಟದಲ್ಲೇ ಒಣಗುತ್ತಿತ್ತು. ಮೂಡುಬಿದಿರೆಯಲ್ಲಿ ಓದುವ ತಂಗಿಯ ಮಗ ಅದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾಡುತ್ತೇನೆಂದು ಹಟ ಹಿಡಿದ. ವೀಣೆಯ ಕೊಡಕ್ಕೂ ಚೆಂಡೆಯ ಕಳಸಿಗೆಗೂ ಒದಗುವ ಮರ ಗಿಟಾರಿಗೆ ಯಾಕಾಗಬಾರದು? ಬಂಟ್ವಾಳದ ಬಡಗಿಯೊಬ್ಬರು ಹಲಗೆಯನ್ನು ಆಕಾರಕ್ಕೆ ಕೊಯ್ದುಕೊಟ್ಟರು. ಫ್ರೆಟ್ಟು ಕೂಡಿಸಿದ ಕುತ್ತಿಗೆಯನ್ನು ಸಿದ್ಧವಾಗಿಯೇ ಕೊಂಡೆವು. ಉಳಿದದ್ದು ಬ್ರಿಡ್ಜ್ ಒಂದೇ.

ತಂತಿಗಳನ್ನು ಬುಡದಲ್ಲಿ ಹೊರುವ ಈ ಭಾಗಕ್ಕೆ ವೀಣೆಯವರು ಕುದುರೆ ಎನ್ನುತ್ತಾರೆ. ಗಿಟಾರಿನವರು ಅದರ ಮೇಲೆ ಒಂದೊಂದು ತಂತಿಯನ್ನೂ ಹೊರುವ ಪುಟ್ಟ ಲೋಹದ ತುಂಡಿಗೆ ಸ್ಯಾಡಲ್, ಅಂದರೆ ಜೀನು, ಎಂದು ಹೆಸರಿಟ್ಟಿದ್ದಾರೆ. ಎರಡು ದೂರದ ಸಂಪ್ರದಾಯಗಳು ಒಂದೇ ಪ್ರಾಣಿಯನ್ನು ನೆನೆದಿರುವುದು ನನಗೆ ಬಹಳ ಇಷ್ಟ.

ನಮ್ಮ ಲೆಕ್ಕ ಸರಳವಾಗಿತ್ತು. ಕುತ್ತಿಗೆಯ ತುದಿಯ ನಟ್‌ನಿಂದ 12ನೇ ಫ್ರೆಟ್ಟಿಗೆ 323.85 ಮಿಲಿಮೀಟರ್. ಅಲ್ಲಿ ಒತ್ತಿದರೆ ಮೇಲಿನ ಷಡ್ಜ ಬರಬೇಕು, ಅಂದರೆ ಅದು ತಂತಿಯ ನಟ್ಟನಡು. ಹಾಗಾದರೆ ಸ್ಯಾಡಲ್ 647.7 ಮಿಲಿಮೀಟರಿನಲ್ಲಿ ಇರಬೇಕು. ಆರೂ ಸ್ಯಾಡಲ್‌ಗಳನ್ನು ಅವುಗಳ ಹಾದಿಯ ಹಿಂತುದಿಯ ಹತ್ತಿರ ಸಾಲಾಗಿ ನಿಲ್ಲಿಸಿ, ಆ ಗೆರೆಗೆ ಸರಿಯಾಗಿ ತೂತು ಕೊರೆದು ಬ್ರಿಡ್ಜನ್ನು ಬಿಗಿದೆವು. ಬಿಡಿ ತಂತಿಗಳು ಶ್ರುತಿಯಲ್ಲಿದ್ದವು. ಬೆರಳಿಟ್ಟು ಮೇಲಕ್ಕೆ ಹೋದಂತೆ ಸ್ವರ ಏರುತ್ತ ಹೋಯಿತು. 12ನೇ ಫ್ರೆಟ್ಟಿನಲ್ಲಿ ದಪ್ಪ ತಂತಿ 12 ಸೆಂಟ್ ಹೆಚ್ಚು ತೋರಿಸಿತು. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಇರುವ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ಶ್ರುತಿಪೆಟ್ಟಿಗೆ ಕೇಳಿ ಬೆಳೆದ ಕಿವಿಗೆ 12 ಸೆಂಟ್ ಚುಚ್ಚುತ್ತದೆ.

ತಪ್ಪು ಅಳತೆಯಲ್ಲಿರಲಿಲ್ಲ, ತಂತಿಯನ್ನು ನಾವು ಗಣಿತದ ಗೆರೆಯೆಂದು ನಂಬಿದ್ದರಲ್ಲಿತ್ತು. ತಂತಿ ಫ್ರೆಟ್ಟಿನ ಮೇಲೆ ಒಂದೆರಡು ಮಿಲಿಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಕೆಳಗೆ ಒತ್ತಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ, ಬಿಗಿತ ಹೆಚ್ಚುತ್ತದೆ, ಸ್ವರ ಏರುತ್ತದೆ. ಇದರ ಜೊತೆಗೆ ಉಕ್ಕಿನ ತಂತಿಗೆ ತನ್ನದೇ ಆದ ಸೆಟೆತನವಿದೆ. ಫ್ರೆಟ್ಟಿನ ಹತ್ತಿರವೂ ಸ್ಯಾಡಲ್ಲಿನ ಹತ್ತಿರವೂ ಅದು ಸುಲಭವಾಗಿ ಬಾಗದೆ, ನಿಜವಾಗಿ ಇರುವುದಕ್ಕಿಂತ ಗಿಡ್ಡ ತಂತಿಯಂತೆ ಕಂಪಿಸುತ್ತದೆ. ಹಾಗಾಗಿ ಸ್ಯಾಡಲ್ಲನ್ನು ಹಿಂದಕ್ಕೆ ಸರಿಸಿ ತಂತಿಯನ್ನು ಸ್ವಲ್ಪ ಉದ್ದ ಮಾಡಲೇಬೇಕು. ಈ ಅಳತೆಯ ಗಿಟಾರಿನಲ್ಲಿ 1 ಮಿಲಿಮೀಟರ್ ಹಿಂದೆ ಹೋದರೆ 12ನೇ ಫ್ರೆಟ್ಟಿನಲ್ಲಿ ಸುಮಾರು 2.7 ಸೆಂಟ್ ಇಳಿಯುತ್ತದೆ. ನಮ್ಮ ದಪ್ಪ ತಂತಿಗೆ ನಾಲ್ಕೂವರೆ ಮಿಲಿಮೀಟರ್ ಬೇಕಿತ್ತು. ಸ್ಯಾಡಲ್ಲಿಗೆ ಹಿಂದೆ ಸರಿಯಲು ಉಳಿದಿದ್ದ ಜಾಗ ಎರಡೇ.

ಏರಿದ ಸ್ವರಕ್ಕೆ ಕೈಯಲ್ಲಿ ಮದ್ದಿಲ್ಲ. ಇದೇ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನಿನಲ್ಲಿ ತುಟಿಯ ಹಿಡಿತದಿಂದ ಸ್ವರವನ್ನು ಮೇಲಕ್ಕೂ ಕೆಳಕ್ಕೂ ಜಾರಿಸಬಹುದಿತ್ತು. ಫ್ರೆಟ್ಟಿನ ಮೇಲೆ ತಂತಿ ಎಳೆದರೆ ಸ್ವರ ಏರುತ್ತದಷ್ಟೆ, ಇಳಿಯುವುದಿಲ್ಲ.

ವೀಣೆಯವರು ಇದೇ ತೊಡಕನ್ನು ಇನ್ನೊಂದು ತುದಿಯಿಂದ ಬಿಡಿಸಿದ್ದಾರೆ. ಕುದುರೆಯನ್ನು ಒಂದೆಡೆ ನಿಲ್ಲಿಸಿ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂಡಿಸುತ್ತಾರೆ. ಮೇಣ ಬೆಚ್ಚಗಿರುವಾಗ ತಂತಿ ಒತ್ತಿ, ಕೇಳಿ, ಮೆಟ್ಟಿಲನ್ನು ನೂಲೆಳೆಯಷ್ಟು ಆಚೀಚೆ ಸರಿಸುತ್ತಾರೆ. ಒತ್ತುವ ಬೆರಳಿನ ಲೆಕ್ಕ ಆ ಮೇಣದಲ್ಲೇ ಸೇರಿಹೋಗುತ್ತದೆ. ಗಿಟಾರಿನ ಫ್ರೆಟ್ಟು ಮರಕ್ಕೆ ಬಡಿದದ್ದು, ಕದಲದು. ಅಷ್ಟೂ ತಿದ್ದುಪಡಿಯನ್ನು ಕುದುರೆಯೇ ಹೊರಬೇಕು.

ಇನ್ನೊಂದು ವ್ಯತ್ಯಾಸವೂ ಇದೆ. ವೀಣೆಯ ಕುದುರೆಯ ಮೇಲೆ ಅಗಲವಾದ ಲೋಹದ ತಗಡಿರುತ್ತದೆ. ಕಂಪಿಸುವ ತಂತಿ ಅದನ್ನು ಸವರುತ್ತಲೇ ಇರುತ್ತದೆ. ಮೀಟಿದ ಜಾಗದಿಂದಾಗಿ ಹುಟ್ಟಲೇಬಾರದೆಂದು ನಿಯಮ ಹೇಳುವ ಉಪಸ್ವರಗಳೂ ವೀಣೆ ತಂಬೂರಿಗಳಲ್ಲಿ ಕೇಳಿಬರುವುದಕ್ಕೆ ಈ ಸವರುವಿಕೆಯೇ ಕಾರಣವೆಂದು ಸಿ.ವಿ. ರಾಮನ್ 1921ರಲ್ಲಿ ಬರೆದರು. ಗಿಟಾರಿನಲ್ಲಿ ಹಾಗಲ್ಲ, ತಂತಿ ಸ್ಯಾಡಲ್ಲಿನ ಒಂದೇ ಬಿಂದುವಿನಿಂದ ಹೊರಡಬೇಕು. ಬಿಂದು ಮಸುಕಾದರೆ ಉದ್ದದ ಲೆಕ್ಕವೂ ಮಸುಕಾಗುತ್ತದೆ.

ಹಳೆಯ ತೂತುಗಳಿಗೆ ಹಲಸಿನ ಕಡ್ಡಿ ಬಡಿದು, ಅಂಟು ಹಾಕಿ, ಮತ್ತೆ ಶುರು ಮಾಡಿದೆವು. ಈ ಸಲ ಅತಿ ತೆಳು ತಂತಿಯ ಸ್ಯಾಡಲ್ಲನ್ನು ಬಹುತೇಕ ಪೂರ್ತಿ ಮುಂದಕ್ಕೆ ತಂದು, ಅದನ್ನು 647.7ರ ಗೆರೆಯ ಮೇಲೆ ಇಟ್ಟೆವು. ಹಿಂದಕ್ಕೆ ಹೋಗಲು ಎಲ್ಲ ತಂತಿಗಳಿಗೂ ಜಾಗ ಉಳಿಯಿತು. ಕೊರೆಯುವ ಮೊದಲು ಗಾಳದ ನೈಲಾನ್ ದಾರವನ್ನು ಎರಡೂ ಅಂಚಿನ ತಂತಿಗಳ ಹಾದಿಯಲ್ಲಿ ಎಳೆದು ನೋಡಿದೆವು. ಒಂದು ಬದಿಯಲ್ಲಿ ದಾರ ಕುತ್ತಿಗೆಯ ಅಂಚಿಗೆ ತೀರ ಹತ್ತಿರ ಬಂದಿತ್ತು. ಬ್ರಿಡ್ಜನ್ನು ಪಕ್ಕಕ್ಕೆ ಒಂದು ಮಿಲಿಮೀಟರ್ ಸರಿಸಿದ ಮೇಲೆ ಎರಡೂ ಬದಿ ಸಮವಾಯಿತು.

ಆಮೇಲಿನದು ತಾಳ್ಮೆಯ ಕೆಲಸ. 12ನೇ ಫ್ರೆಟ್ಟಿನ ಮೇಲೆ ತಂತಿಯನ್ನು ಒತ್ತದೆ ಬರೀ ಸೋಕಿಸಿ ಮೀಟಿದರೆ ಗಂಟೆಯಂಥ ನಾದ ಬರುತ್ತದೆ. ಒತ್ತಡವೇ ಇಲ್ಲದ್ದರಿಂದ ಅದು ಸುಳ್ಳು ಹೇಳುವುದಿಲ್ಲ. ಅಲ್ಲೇ ಒತ್ತಿ ಮೀಟಿದ ಸ್ವರ ಅದಕ್ಕಿಂತ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಪ್ರತಿ ಸಲವೂ ಬಿಡಿ ತಂತಿಯನ್ನು ಮತ್ತೆ ಶ್ರುತಿ ಮಾಡಬೇಕು. ಕೊನೆಗೆ ಸ್ಯಾಡಲ್‌ಗಳು ಓರೆಸಾಲಿನಲ್ಲಿ ನಿಂತವು, ಒಂದು ಕಡೆ ಮಾತ್ರ ಸಾಲು ಮುರಿದಿತ್ತು. ತೆಳು ತಂತಿಯ ಕಡೆಯಿಂದ ಎಣಿಸಿದರೆ ಮೂರನೆಯದು ಬರಿ ಉಕ್ಕಿನ ದಪ್ಪ ತಂತಿ. ನಾಲ್ಕನೆಯದು ತೆಳು ಉಕ್ಕಿಗೆ ಸುತ್ತು ಹಾಕಿದ್ದು. ಸೆಟೆತನ ಒಳಗಿನ ಉಕ್ಕಿನದಾದ್ದರಿಂದ, ನೋಡಲು ದಪ್ಪಗಿದ್ದರೂ ನಾಲ್ಕನೆಯದು ಮೂರನೆಯದಕ್ಕಿಂತ ಮುಂದೆ ನಿಂತಿತು.

ಆಟಿಯ ಮಳೆಯಲ್ಲಿ ಮರ ತೇವ ಹೀರಿ ಕುತ್ತಿಗೆ ತುಸು ಬಾಗಿತು, ತಂತಿಗಳು ಫ್ರೆಟ್ಟಿನಿಂದ ಮೇಲೆದ್ದವು, ಒತ್ತಿದ ಸ್ವರ ಮತ್ತೆ ಮೂರು ಸೆಂಟ್ ಏರಿತು. ಹುಡುಗ ಕುತ್ತಿಗೆಯೊಳಗಿನ ಸರಳನ್ನು ಕಾಲು ಸುತ್ತು ಬಿಗಿದು, ಒಂದು ದಿನ ಬಿಟ್ಟು, ಕಿವಿಯನ್ನು ಹಲಗೆಗೆ ಹತ್ತಿರ ತಂದು ಮತ್ತೆ ಮೀಟಿದ.