ಗೊಬ್ಬರದ ಚೀಲ, ಹಸುವಿನ ನಿಧಿ: ವೆಬ್‌ಸೈಟ್‌ಗೆ ಮೊದಲ ಗಿರಾಕಿ ಬಂದ ಬಗೆ



ಕಳೆದ ಮಳೆಗಾಲದಲ್ಲಿ ನನ್ನ ವ್ಯಾಪ್ತಿಯ ಮಹಿಳಾ ಸಂಘವೊಂದರ ಸದಸ್ಯೆಯ ಹಸು ಕರು ಹಾಕಿದ ಮರುದಿನ ರಾತ್ರಿ ಹಾಲುಜ್ವರದಿಂದ ಮಲಗಿತು. ಔಷಧಕ್ಕೆ, ಗಾಡಿಗೆ ಕೈಯಲ್ಲಿ ದುಡ್ಡಿಲ್ಲವೆಂದು ಅವರು ಬೆಳಗಾಗಲೆಂದು ಕಾದರು. ನಾನು ಹೋಗುವಷ್ಟರಲ್ಲಿ ಹಸು ಉಳಿದಿರಲಿಲ್ಲ. ಹಾಲುಜ್ವರದಲ್ಲಿ ಸಕಾಲಕ್ಕೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಹೆಚ್ಚಿನ ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಕೊಲ್ಲುವುದು ತಡ.

ಆಮೇಲೆ ಸಂಘದವರು ತುರ್ತು ಚಿಕಿತ್ಸೆಗೊಂದು ನಿಧಿ ಕೂಡಿಸಲು ಹೊರಟರು. ಸದಸ್ಯೆಯೊಬ್ಬರ ಮಗ, ಕಾಲೇಜು ಹುಡುಗ, ಸಣ್ಣದೊಂದು ವೆಬ್‌ಸೈಟ್ ಮಾಡಿಕೊಟ್ಟ. ಎರಡು ತಿಂಗಳಾದರೂ ಒಂದು ರೂಪಾಯಿ ಬರಲಿಲ್ಲ.

ನಾನೂ ಫೋನಿನಲ್ಲಿ ತೆರೆದು ನೋಡಿದೆ. ಮೊದಲಿಗೆ ಉದ್ಘಾಟನೆಯ ದೊಡ್ಡ ಫೋಟೊ. ಅದು ತೆರೆಯುವಷ್ಟರಲ್ಲಿ ಒಂದು ಲೋಟ ಚಹಾ ಮುಗಿಯಿತು. ಕೆಳಗೆ ಹಾರ ಹಾಕಿಸಿಕೊಂಡವರ ಹೆಸರುಗಳು (ನನ್ನದೂ ಇತ್ತು!). ಕಟ್ಟಕಡೆಗೆ ‘ದೇಣಿಗೆ ನೀಡಿ’. ಯಾತಕ್ಕೆ, ಯಾರ ಖಾತೆಗೆ ಎಂಬುದು ಎಲ್ಲೂ ಇಲ್ಲ.

‘ಡಾಕ್ಟ್ರೇ, ಗುರುತಿಲ್ಲದೋರಿಗೆ ಸುಮ್ನೆ ಯಾರು ದುಡ್ಡು ಕೊಡ್ತಾರೆ? ಗೊಬ್ಬರ ಕೊಟ್ಟು ಕೇಳೋಣ’ ಎಂದವರು ಸಂಘದ ಕಾರ್ಯದರ್ಶಿ. ನನಗೆ ಹೊಳೆಯದ ಮಾತು ಅದು. ನಾಲ್ಕೈದು ಮನೆಗಳಲ್ಲಿ ಎರೆಗೊಬ್ಬರದ ತೊಟ್ಟಿ ಮೊದಲೇ ಇತ್ತು. ಪೇಟೆಯಲ್ಲಿ ತಾರಸಿ ಮೇಲೆ ಗಿಡ ಬೆಳೆಸುವವರಿಗೆ ಒಳ್ಳೆಯ ಗೊಬ್ಬರ ಬೇಕೇ ಬೇಕು.

ಹುಡುಗನನ್ನು ಕೂರಿಸಿಕೊಂಡು ಪುಟ ಬದಲಿಸಿದೆವು. ಹಾರದ ಫೋಟೊ ಹೋಗಿ, ಅಂಗೈಯಲ್ಲಿ ಜರಡಿ ಹಿಡಿದ ಗೊಬ್ಬರದ ಸಣ್ಣ ಫೋಟೊ ಬಂತು. ಅದರ ಕೆಳಗೇ ‘2 ಕಿಲೋ ಚೀಲಕ್ಕೆ 60 ರೂಪಾಯಿ. ಇದರಲ್ಲಿ 20 ರೂಪಾಯಿ ಹಸುಗಳ ತುರ್ತು ಚಿಕಿತ್ಸೆಗೆ’. ಫೋನ್ ನಂಬರ್ ಮೇಲಕ್ಕೆ ಬಂತು. ಶನಿವಾರ ಬೆಳಿಗ್ಗೆ ಪೇಟೆ ಬಸ್ ನಿಲ್ದಾಣದ ಹತ್ತಿರ ಚೀಲ ಸಿಗುತ್ತದೆಂದು ಬರೆದೆವು. ಕ್ಯೂಆರ್ ಕೋಡ್ ಸಂಘದ ಖಾತೆಯದ್ದೇ ಇರಲಿ, ಯಾರ ಸ್ವಂತ ಖಾತೆಯದೂ ಬೇಡ ಎಂದು ನಾನು ಹಟ ಹಿಡಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಅದಕ್ಕೆ ಬೇಕಾದ ಮಾನ್ಯತೆ ಪಡೆಯದೆ ‘ತೆರಿಗೆ ವಿನಾಯಿತಿ ಇದೆ’ ಎಂದೂ ಬರೆಯಬೇಡಿ.

ಇಷ್ಟು ಮಾಡಿದರೂ ವೆಬ್‌ಸೈಟ್ ನೋಡಿ ಯಾರೂ ಓಡಿ ಬರಲಿಲ್ಲ. ಆಗ ಸದಸ್ಯೆಯರು ಕೂತು, ಪೇಟೆಯಲ್ಲಿ ತಮಗೆ ಪರಿಚಯ ಇರುವವರ ಪಟ್ಟಿ ಮಾಡಿದರು: ಮಕ್ಕಳ ಟೀಚರು, ಬ್ಯಾಂಕಿನವರು, ಬಟ್ಟೆ ಅಂಗಡಿಯವರು. ಒಬ್ಬೊಬ್ಬರಿಗೂ ತಾವೇ ಫೋನ್ ಮಾಡಿ, ವೆಬ್‌ಸೈಟಿನ ಕೊಂಡಿ ಕಳಿಸಿದರು. ಮೊದಲ ಚೀಲ ಕೊಂಡವರು ಹೈಸ್ಕೂಲ್ ಟೀಚರೊಬ್ಬರು. ‘ಒಂದು ಕುಂಡಕ್ಕೆ ಎಷ್ಟು ಹಾಕಬೇಕು?’ ಎಂದು ಕೇಳಿದರೆ ನಮ್ಮವರಲ್ಲಿ ಉತ್ತರವಿಲ್ಲ! ಹೊಲಕ್ಕೆ ಗಾಡಿಗಟ್ಟಲೆ ಹಾಕಿ ಗೊತ್ತೇ ಹೊರತು ಕುಂಡಕ್ಕಲ್ಲ. ಮಧ್ಯಮ ಕುಂಡಕ್ಕೆ ತಿಂಗಳಿಗೊಮ್ಮೆ ಒಂದೆರಡು ಹಿಡಿ, ಮೇಲೆ ತೆಳುವಾಗಿ ಮಣ್ಣು ಎಂದು ಕೇಳಿ ತಿಳಿದು ವೆಬ್‌ಸೈಟಿನಲ್ಲೂ ಹಾಕಿದರು. ಆ ಟೀಚರು ತಮ್ಮ ತಾರಸಿ ತೋಟದ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿದ ಮೇಲೆ ಇನ್ನೂ ನಾಲ್ಕು ಜನ ಕೇಳಿಕೊಂಡು ಬಂದರು.

ಅದೇ ವಾರ ಮೋಸಗಾರನೂ ಫೋನ್ ಮಾಡಿದ. ‘ಐವತ್ತು ಚೀಲ ಬೇಕು, ದುಡ್ಡು ಕಳಿಸಿದ್ದೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದ. ಪಿನ್ ಒತ್ತುವುದು ನಮ್ಮ ಖಾತೆಯಿಂದ ದುಡ್ಡು ಹೋಗುವುದಕ್ಕೆ. ಬರುವ ದುಡ್ಡಿಗೆ ಪಿನ್ ಬೇಕಿಲ್ಲ. ಕಾರ್ಯದರ್ಶಿಗೆ ಅದು ಗೊತ್ತಿತ್ತು, ಫೋನ್ ಇಟ್ಟರು.

ಪಶುವೈದ್ಯನಾಗಿ ಇನ್ನೊಂದು ಮಾತು. ಜಂತುಹುಳುವಿಗೆ ಐವರ್‌ಮೆಕ್ಟಿನ್ ಕೊಟ್ಟ ಹಸುವಿನ ಸಗಣಿಯಲ್ಲಿ ಔಷಧದ ಅಂಶ ಕೆಲವು ವಾರ ಇರುತ್ತದೆ. ಆ ಸಗಣಿ ಎರೆ ತೊಟ್ಟಿಗೆ ಬೇಡ, ತಿಪ್ಪೆಗೆ ಹಾಕಿ.

ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಅವರು ಪ್ರತಿ ತಿಂಗಳು ವೆಬ್‌ಸೈಟಿನಲ್ಲಿ ಬರೆಯುತ್ತಾರೆ. ಸದ್ಯ ನಿಧಿಯಲ್ಲಿ ಒಂದು ಹಸುವಿನ ತುರ್ತು ಚಿಕಿತ್ಸೆಗೆ ಆಗುವಷ್ಟಿದೆ. ಎರಡನೆಯದಕ್ಕೆ ಇನ್ನಷ್ಟು ಚೀಲ ಹೋಗಬೇಕು.